ಕಾತ್ರಜ ಘಾಟದಲ್ಲಿ ಕೈ ಹಚ್ಚಿದ ಗಾಡಿ

ಪುಣೆಯ ನಮ್ಮ ಮೋಟಾರು ಮಂಡಳಿಯಲ್ಲಿ ಒಂದು ನಿಯಮವಿತ್ತು. ದಸರೆ ಮುಗಿದ ಮೇಲಿನ ಭಾನುವಾರ ಎಲ್ಲ ಗಾಡಿಗಳೂ ಕಾತ್ರಜ ಘಾಟ ಹತ್ತಬೇಕು. ನಡುವೆ ಎಲ್ಲೂ ನಿಲ್ಲದೆ, ಯಾರ ಕೈಯಿಂದಲೂ ತಳ್ಳಿಸಿಕೊಳ್ಳದೆ ತುದಿ ಮುಟ್ಟಿದವನಿಗೆ ಸುರಂಗದ ಆಚೆ ಮೂಡಣ ಬಿಸಿಲಿನಲ್ಲಿ ನಿಲ್ಲಿಸಿ ತಲೆಗೆ ಫೇಟಾ ಕಟ್ಟುತ್ತಿದ್ದರು. ಹಿಂದಿನಿಂದ ಒಬ್ಬನೇ ಒಬ್ಬ ಕೈ ಹಚ್ಚಿದರೂ ಆ ಗಾಡಿ ಹತ್ತಿದ ಲೆಕ್ಕಕ್ಕಿಲ್ಲ. ಆ ಜರತಾರಿ ಫೇಟಾ ನಮ್ಮ ಮನೆಗೆ ವರ್ಷ ವರ್ಷ ಬರುತ್ತಿತ್ತು, ನನ್ನ ಗಂಡನ ತಲೆಯ ಮೇಲೆ ಕೂತು. ಗಾಡಿ ಹತ್ತಿಸುತ್ತಿದ್ದವಳು ಮಾತ್ರ ನಾನು.

ನಗಬೇಡಿ. ಇದನ್ನು ಹೇಳಿದಾಗಲೆಲ್ಲ ಜನ ನಗುತ್ತಾರೆ, ಮುದುಕಿ ಏನೋ ಕಟ್ಟಿ ಹೇಳುತ್ತಾಳೆ ಎಂದು. ನನ್ನ ಮೊಮ್ಮಕ್ಕಳೂ ನಗುತ್ತಾರೆ. ನಕ್ಕು ನಕ್ಕು ಸುಸ್ತಾದ ಮೇಲಾದರೂ ಕೇಳುತ್ತಾರೇನೋ ಎಂದು ಈಗ ಬರೆಯುತ್ತಿದ್ದೇನೆ.

ನಾವು ಬೆಳಗಾವಿ ಕಡೆಯವರು. ನನ್ನ ಮಾವನವರ ಕಾಲದಿಂದ ಪುಣೆಯ ಪೇಟೆಯಲ್ಲಿ ನಮ್ಮದು ಇಳಕಲ್ಲ ಸೀರೆ, ಗುಳೇದಗುಡ್ಡದ ಖಣಗಳ ಅಂಗಡಿ. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷ ಇದ್ದಾಗ, ಖಡಕಿಯ ಒಬ್ಬ ಗೋರಾ ಸಾಹೇಬ ತನ್ನ ದೇಶಕ್ಕೆ ಹೊರಟವನು ಹಳೆಯ ಮೋಟಾರನ್ನು ಮಾರಿದ. ನನ್ನ ಗಂಡ ಕೊಂಡು ತಂದರು. ಬಟ್ಟೆಯ ಮಾಡು, ಎರಡು ದೊಡ್ಡ ಹಿತ್ತಾಳೆ ದೀಪ, ಹಸಿರು ಬಣ್ಣ. ಅದನ್ನು ಮನೆಯ ಮುಂದೆ ನಿಲ್ಲಿಸಿದ ದಿನ ಓಣಿಗೆ ಓಣಿಯೇ ಬಂದು ಮುಟ್ಟಿ ನೋಡಿತು. ನಮ್ಮ ಅತ್ತೆಯವರು ಗಾಲಿಗೆ ನಿಂಬೆಹಣ್ಣು ಇಟ್ಟು, ಕುಂಕುಮ ಹಚ್ಚಿ, "ಎತ್ತಿಲ್ಲದ ಗಾಡಿ, ದೇವರ ನೋಡ್ಕೋಬೇಕು" ಎಂದರು.

ಗಾಡಿ ಬಂದ ಮೇಲೆ ಮಂಡಳಿಯೂ ಬಂತು. ವಕೀಲರು, ಡಾಕ್ಟರರು, ಕಟ್ಟಿಗೆ ವ್ಯಾಪಾರಿಗಳು, ಒಬ್ಬಿಬ್ಬರು ಸರದಾರರ ಮಕ್ಕಳು, ಧಾರವಾಡದಿಂದ ಬಂದು ಇಲ್ಲಿಯ ಕಾಲೇಜಿನಲ್ಲಿದ್ದ ಒಬ್ಬ ಪ್ರೊಫೆಸರರು. ಭಾನುವಾರ ಬೆಳಿಗ್ಗೆ ನದಿಯ ದಂಡೆಯ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಮುಚ್ಚಳ ಎತ್ತಿ, ಒಬ್ಬರ ಎಂಜಿನ್ನಿಗೆ ಒಬ್ಬರು ಇಣುಕಿ ನೋಡುತ್ತಿದ್ದರು, ಹೆಣ್ಣು ನೋಡಲು ಬಂದವರಂತೆ. ಹೆಂಗಸರಾದ ನಾವು ಹಿಂದಿನ ಸೀಟಿನಲ್ಲಿ ಅವಲಕ್ಕಿ ಡಬ್ಬಿ, ಚಹಾದ ಗಿಂಡಿ ಹಿಡಿದುಕೊಂಡು ಕೂತಿರಬೇಕು. ಇಳಿಯಿರಿ ಎಂದಾಗ ಇಳಿಯಬೇಕು, ಬಡಿಸಬೇಕು, ಮತ್ತೆ ಹತ್ತಬೇಕು. ಗಂಡಸರು ಗೇರಿನ ಮಾತು ಆಡುವಾಗ ನಾವು ಉಪ್ಪಿನಕಾಯಿಯ ಮಾತು ಆಡಬೇಕು. ನನಗೋ ಉಪ್ಪಿನಕಾಯಿ ಹಾಕಲು ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ನನಗೆ ಗಾಡಿ ಕಲಿಸಿದವರು ನನ್ನ ಗಂಡನೇ. ಆ ಮಾತನ್ನು ನಾನು ಮರೆಮಾಡುವುದಿಲ್ಲ. ಖಡಕಿಯ ಕಡೆ ಒಂದು ಖಾಲಿ ಮೈದಾನವಿತ್ತು. ಅಲ್ಲಿ ಸಂಜೆ ಹೊತ್ತು, ಮೊದಮೊದಲು ಚೇಷ್ಟೆಗೆಂದೇ, "ಏ, ಕೂಡ ಬಾ, ನೋಡೋಣು" ಎಂದು ಕೂಡಿಸಿದರು. ಎಡಗಾಲಲ್ಲಿ ಕ್ಲಚ್ ಒತ್ತು, ಬಿಡು, ಮತ್ತೆ ಒತ್ತು. ಗೇರು ಬೀಳುವಾಗ ಹಲ್ಲು ಕಡಿದಂಥ ಸದ್ದು ಬಂದರೆ ಗದರುತ್ತಿದ್ದರು. ಸ್ವಲ್ಪ ದಿನದಲ್ಲಿ ಗದರುವ ಪ್ರಸಂಗವೇ ಬರಲಿಲ್ಲ. ಎಂಜಿನ್ನಿನ ದನಿ ಕೇಳಿಯೇ ನನಗೆ ತಿಳಿಯುತ್ತಿತ್ತು, ಈಗ ಗೇರು ಇಳಿಸಬೇಕು, ಈಗ ಏರಿಸಬೇಕು ಎಂದು. ಹಾಗೆ ತಿಳಿಯುವುದರಲ್ಲಿ ಎಂಥ ಸುಖ ಇತ್ತೆಂದು ಹೇಳಲಾರೆ. ಅಡಿಗೆಮನೆಯಲ್ಲಿ ಇಷ್ಟು ವರ್ಷ ಬೆಂದರೂ ಅಂಥದ್ದು ನನಗೆ ಸಿಕ್ಕಿರಲಿಲ್ಲ.

ಮೊದಲ ವರ್ಷದ ಘಾಟದ ದಿನ ನಮ್ಮ ಗಾಡಿ ಎಲ್ಲಕ್ಕೂ ಹಿಂದೆ ಇತ್ತು. ಘಾಟದ ಬುಡದಲ್ಲಿ ಒಂದು ಮಾರುತಿ ಗುಡಿ. ಅಲ್ಲಿ ಕಾಯಿ ಒಡೆಸಿ ಒಂದೊಂದೇ ಗಾಡಿ ಬಿಡುತ್ತಿದ್ದರು. ಹತ್ತಿದವರು ಸುರಂಗ ದಾಟಿ ಆಚೆ ಹೋಗಿ ನಿಲ್ಲಬೇಕು. ಎರಡು ತಿರುವು ಹತ್ತುವುದರೊಳಗೆ ನನ್ನ ಗಂಡನ ಮುಖ ಸುಣ್ಣದಂತಾಯಿತು. ಎಡಕ್ಕೆ ಕಣಿವೆ ತೆರೆದುಕೊಂಡಿತ್ತು. ಗಾಡಿ ನಿಲ್ಲಿಸಿ ಎರಡು ಕೈಯಲ್ಲೂ ಕೈಬ್ರೇಕು ಹಿಡಿದು ಕೂತರು.

"ಏನಾತ್ರಿ?"

"ತಲಿ ಗರಗರ ತಿರಗಾಕತ್ತೇತಿ. ಕೆಳಗ ನೋಡಾಕ ಆಗವಲ್ದು."

"ನೋಡಬ್ಯಾಡ್ರಿ, ಮುಂದ ನೋಡ್ರಿ."

"ಆಗೂದಿಲ್ಲ ಅಂದೆ!"

ಗಾಡಿ ಹಿಂದಕ್ಕೆ ಅಲುಗಿತು. ನಾನು ಡಬ್ಬಿ ಬಿಸಾಡಿ ಇಳಿದು ಗಾಲಿಗೆ ಕಲ್ಲು ಕೊಟ್ಟೆ. ಅವರನ್ನು ಆ ಕಡೆ ಸರಿಸಿ ನಾನು ಕೂತೆ. ಅವರು ಕಣ್ಣು ಮುಚ್ಚಿಕೊಂಡು ವೆಂಕಟೇಶನ ನಾಮ ಹೇಳುತ್ತ ಕೂತರು. ಗಾಡಿ ಹತ್ತಿತು. ಸುರಂಗದ ಬಾಯಿಗೆ ಬಂದಾಗ ನಾನೇ ನಿಲ್ಲಿಸಿ, "ಈಗ ನೀವ ಕೂಡ್ರಿ, ಇಲ್ಲೆ ಕಣಿವಿ ಇಲ್ಲ" ಎಂದೆ. ಅಷ್ಟು ಜನ ಗಂಡಸರ ಎದುರು ಅವರ ಮಾನ ಹೋಗುವುದು ನನಗೂ ಬೇಡವಾಗಿತ್ತು. ಅವರೇ ಚಕ್ರ ಹಿಡಿದು ಆಚೆ ಹೊರಟರು. ಚಪ್ಪಾಳೆ ಬಿತ್ತು. ನಡುವೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ, ಫೇಟಾ ಕಟ್ಟಿದರು.

ಮುಂದಿನ ವರ್ಷದಿಂದ ಇದೇ ಪದ್ಧತಿಯಾಯಿತು. ನಾವು ಬೇಕೆಂದೇ ಕಡೆಗೆ ಉಳಿಯುವುದು, ಗುಡಿಯ ತಿರುವು ಮರೆಯಾದ ಕೂಡಲೇ ಜಾಗ ಬದಲಿಸುವುದು, ಸುರಂಗದ ಮುಂದೆ ಮತ್ತೆ ಬದಲಿಸುವುದು. ನೋಡಿದವರೆಂದರೆ ಎತ್ತಿನ ಬಂಡಿಯವರು, ಅವರನ್ನು ಯಾರು ಕೇಳುತ್ತಾರೆ? ಮಂಡಳಿಯಲ್ಲಿ ಘಾಟದ ಮಾತು ಬಂದರೆ ಎಲ್ಲರೂ ನನ್ನ ಗಂಡನ ಕಡೆ ತಿರುಗುತ್ತಿದ್ದರು. ಅವರು ಫೇಟಾದ ಅಂಚು ಸರಿಮಾಡಿಕೊಂಡು, ಕಡಿದಾದ ತಿರುವಿನಲ್ಲಿ ಗೇರು ಯಾವಾಗ ಇಳಿಸಬೇಕೆಂದು ವಿವರಿಸುತ್ತಿದ್ದರು. ವಿವರಣೆಯನ್ನು ಮುಂಜಾನೆಯೇ ನಾನು ಹೇಳಿಕೊಟ್ಟಿರುತ್ತಿದ್ದೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ನಾನು ಹಿಂದೆ ನಿಂತು ಅವಲಕ್ಕಿಗೆ ಕೊಬ್ಬರಿ ಉದುರಿಸುತ್ತಿದ್ದೆ. ಮೊದಲು ನಗು ಬರುತ್ತಿತ್ತು. ಆಮೇಲೆ ಬರದಾಯಿತು.

ಹೆಂಗಸರಲ್ಲಿ ನನಗೆ ಹತ್ತಿರವಾದವರು ಮಂಡಳಿಯ ಅಧ್ಯಕ್ಷರ ಹೆಂಡತಿ. ಅಧ್ಯಕ್ಷರು ಮರಾಠಿ ವಕೀಲರು. ಈಕೆಯ ತವರು ನಮ್ಮ ಬೆಳಗಾವಿ, ಆದ್ದರಿಂದ ನಮ್ಮಿಬ್ಬರದು ಕನ್ನಡದ ಮಾತು. ಒಂದು ದಿನ ನದಿಯ ದಂಡೆಯಲ್ಲಿ ಮೆಲ್ಲಗೆ ಕೇಳಿದರು, "ಅಲ್ರಿ, ನೀವು ಖಡಕಿ ಮೈದಾನದಾಗ ಗಾಡಿ ಹೊಡೀತೀರಂತ, ಖರೇನ?"

"ಖರೇನ."

"ಅಯ್ಯ ಶಿವನ! ನನಗೂ ಭಾಳ ಆಶಾ ಅದ ನೋಡ್ರಿ. ನಮ್ಮವರನ್ನ ಕೇಳಿದ್ರ, ಒಬ್ಬ ಹೆಣ್ಣಮಗಳು ಮೊದಲ ಘಾಟ ಹತ್ತಿ ತೋರಿಸ್ಲಿ, ಆಮ್ಯಾಲ ನೋಡೋಣು ಅಂತಾರ."

ಆ ಮಾತು ನನ್ನ ತಲೆಗೆ ಹತ್ತಿತು. ಒಬ್ಬಳು ಹತ್ತಿ ತೋರಿಸಬೇಕು, ಅಷ್ಟೇ ತಾನೆ? ನಾನು ಹತ್ತಿದ್ದೇನಲ್ಲ! ಅಂದೇ ಮನೆಗೆ ಬಂದು ಗಂಡನಿಗೆ ಹೇಳಿದೆ: ಈ ವರ್ಷ ಗುಡಿಯ ಮುಂದಿನಿಂದಲೇ ನಾನು ಕೂಡುತ್ತೇನೆ, ಎಲ್ಲರ ಕಣ್ಣೆದುರು. ಹಿಂದಿನದು ಹಿಂದೆಯೇ ಇರಲಿ, ನಿಮ್ಮ ಫೇಟಾಗಳನ್ನು ನಾನು ಕೇಳುವುದಿಲ್ಲ. ಇನ್ನು ಮುಂದಿನದು ನನ್ನದು. ಅವರು "ಆತು" ಎಂದರು. ಆ "ಆತು" ಕೇಳಿ ನಾನು ಎಷ್ಟು ಹಿಗ್ಗಿದೆನೆಂದರೆ ಆ ದಿನ ಹೋಳಿಗೆ ಮಾಡಿದೆ.

ಲೈಸೆನ್ಸು ಬೇಕಲ್ಲ, ಅದಕ್ಕೂ ಹೋದೆ. ಪೊಲೀಸ್ ಸಾಹೇಬ ನನ್ನ ಒಂಬತ್ತು ಗಜದ ಸೀರೆಯನ್ನೂ ಮೂಗಿನ ನತ್ತನ್ನೂ ನೋಡಿ ಮೀಸೆಯೊಳಗೆ ನಕ್ಕ. ಒಂದು ಸುತ್ತು ಹೊಡೆಸಿದ, ಹಿಂದಕ್ಕೆ ಹೊಡೆಸಿದ, ಸೇತುವೆಯ ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿಸಿದ. ನಗು ನಿಲ್ಲಿಸಿ ಸಹಿ ಮಾಡಿದ. ಬ್ರಿಟಿಷ್ ಸರಕಾರ ನಮ್ಮ ಜನಕ್ಕೆ ಏನೇನು ಅನ್ಯಾಯ ಮಾಡಿತೆಂದು ಗೊತ್ತು, ಆದರೆ ಆ ದಿನ ನನಗೆ ಮಾಡಲಿಲ್ಲ.

ಮಂಡಳಿಯವರ ಸಭೆ ಅಧ್ಯಕ್ಷರ ಮನೆಯಲ್ಲಿ ಸೇರಿತು. ನಾವು ಒಳಗಿನ ಕೋಣೆಯಲ್ಲಿದ್ದೆವು. ಯಾರೂ ಬೇಡ ಎನ್ನಲಿಲ್ಲ, ಅದೇ ನನಗೆ ಆಶ್ಚರ್ಯ. "ಕಾಲ ಬದಲಾಗಿದೆ," "ನಮ್ಮ ಪುಣೆಯೇ ಹೆಣ್ಣುಮಕ್ಕಳ ಶಾಲೆಗೆ ಮೊದಲು," ಎಂದೆಲ್ಲ ಮರಾಠಿಯಲ್ಲಿ ಭಾಷಣ ನಡೆಯಿತು. ಅಧ್ಯಕ್ಷರು ಬಾಗಿಲಿಗೆ ಬಂದು ಕೈಮುಗಿದು, ಅತ್ತಿಗೆಯನ್ನು ಕರೆದಂತೆ, "ವಹಿನೀಸಾಹೇಬ, ನೀವು ಹತ್ತಿರಿ. ನಾವೆಲ್ಲ ನಿಮ್ಮ ಬೆನ್ನಿಗಿದ್ದೇವೆ" ಎಂದರು. ಅಧ್ಯಕ್ಷರ ಹೆಂಡತಿ ನನ್ನ ಮೊಳಕೈ ಹಿಡಿದು ಹಿಚುಕಿದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದ ಹಾಗೆ ನಾವಿಬ್ಬರೂ ಅಲ್ಲೇ ಮಾತಾಡಿಕೊಂಡೆವು: ಇನ್ನು ಅವರಿಗೆ ನಾನು ಕಲಿಸುವುದು, ಆಮೇಲೆ ಡಾಕ್ಟರರ ಸೊಸೆಗೆ.

ಘಾಟದ ದಿನ ಮಾರುತಿ ಗುಡಿಯ ಮುಂದೆ ನಾನು ಚಕ್ರ ಹಿಡಿದು ಕೂತೆ. ಗಂಡ ಪಕ್ಕದಲ್ಲಿ ಕೂತರು. ಬೇರೆ ಗಾಡಿಗಳೆಲ್ಲ ಮೊದಲೇ ಹೋಗಿದ್ದವು. "ನೀವು ಸಾವಕಾಶ ಬನ್ನಿ" ಎಂದಿದ್ದರು. ಮಳೆ ಮುಗಿದ ರಸ್ತೆ, ಅಂಚಿಗೆ ಹಳದಿ ಹೂವು. ಮೊದಲ ತಿರುವು, ಎರಡನೆಯ ತಿರುವು, ಎಂಜಿನ್ನು ಹಾಡಿದ ಹಾಗೆ ಹತ್ತುತ್ತಿತ್ತು. ಎಲ್ಲಕ್ಕಿಂತ ಕಡಿದಾದ ತಿರುವು ಬಂತು. ಅಲ್ಲಿ ನಾನು ಯಾವಾಗಲೂ ವೇಗ ಕಳೆದು ಸಣ್ಣ ಗೇರಿಗೆ ಬರುತ್ತಿದ್ದೆ. ಅಂದೂ ಹಾಗೇ ಮಾಡಿದೆ.

ತಿರುಗಿದರೆ ಏನು ನೋಡುವುದು! ಮಂಡಳಿಯ ಗಂಡಸರೆಲ್ಲ ಗಾಡಿಗಳನ್ನು ಮೇಲೆ ನಿಲ್ಲಿಸಿ, ಕೆಳಗೆ ನಡೆದು ಬಂದು, ಕೋಟು ಕಳಚಿ, ತೋಳು ಮಡಚಿ ಸಾಲಾಗಿ ನಿಂತಿದ್ದಾರೆ. ನನ್ನ ಗಾಡಿ ನಿಧಾನವಾದದ್ದನ್ನು ನೋಡಿ, ನಿಂತುಹೋಗುತ್ತದೆ ಎಂದುಕೊಂಡು "ಹರ ಹರ ಮಹಾದೇವ" ಎಂದು ಕೂಗಿ ಒಮ್ಮೆಲೇ ಓಡಿ ಬಂದರು.

"ಮುಟ್ಟಬ್ಯಾಡ್ರಿ! ಯಾರೂ ಕೈ ಹಚ್ಚಬ್ಯಾಡ್ರಿ! ಗಾಡಿ ಹತ್ತತೈತಿ!" ಎಂದು ಕಿರುಚಿದೆ. ಮರಾಠಿಯಲ್ಲೂ ಕಿರುಚಿದೆ. ನಾನು ಹೆದರಿ ಕೂಗುತ್ತಿದ್ದೇನೆ ಎಂದುಕೊಂಡರು. ಧಾರವಾಡದ ಪ್ರೊಫೆಸರರು ಹಿಂದಿನಿಂದ, "ಹೆದರಬ್ಯಾಡ್ರಿ ವೈನಿ, ನಾವಿದ್ದೀವಿ, ನಾವಿದ್ದೀವಿ!" ಎನ್ನುತ್ತ ಎರಡೂ ಕೈ ಹಚ್ಚಿ ತಳ್ಳಿದರು. ಹಿಂದೆ ಅಷ್ಟು ಕೈಗಳು, ಎರಡು ಬದಿಗೂ ಕೈಗಳು.

"ರೀ, ಹೇಳ್ರಿ ಅವರಿಗೆ! ಹೇಳ್ರಿ!"

ನನ್ನ ಗಂಡ ಕಣ್ಣು ಬಿಟ್ಟರು. ಕಣಿವೆ ಕಾಣದ ಹಾಗೆ ನೇರ ಮುಂದೆ ನೋಡಿದರು. ನಾನು ವೇಗ ಹೆಚ್ಚಿಸಿ ಅವರ ಕೈಗಳಿಂದ ಬಿಡಿಸಿಕೊಂಡು ಮೇಲೆ ಹೋದೆ. ಉಳಿದ ಘಾಟವನ್ನೆಲ್ಲ ಒಬ್ಬಳೇ ಹತ್ತಿಸಿದೆ, ಸುರಂಗ ದಾಟಿ ನಿಲ್ಲಿಸಿದೆ. ಆದರೆ ಕೈ ಹಚ್ಚಿದ ಗಾಡಿ ಕೈ ಹಚ್ಚಿದ ಗಾಡಿಯೇ.

ಬೆವರು ಒರೆಸಿಕೊಳ್ಳುತ್ತ ಅವರೆಲ್ಲ ಬಂದರು. ಮುಖದಲ್ಲಿ ಎಂಥ ಸಂತೋಷ ಅಂತೀರಿ, ಬಾವಿಯಿಂದ ಹಸುವನ್ನು ಎತ್ತಿದ ಹಾಗೆ! ಅಧ್ಯಕ್ಷರು ಎಲ್ಲರನ್ನೂ ಕರೆದು, ನಿಯಮದಂತೆ ಫೇಟಾ ಕೊಡಲು ಬರುವುದಿಲ್ಲ, ಆದರೂ ವಹಿನಿಯವರ ಧೈರ್ಯ ದೊಡ್ಡದು, ಅವರಿಗೆ ಕಲಿಸಿದ ಗಂಡನ ಮನಸ್ಸು ಇನ್ನೂ ದೊಡ್ಡದು, ಎಂದರು. ನನ್ನ ಗಂಡನನ್ನು ಮುಂದೆ ಕರೆದು ಶಾಲು ಹೊದಿಸಿದರು. ನನಗೆ ಉಡಿ ತುಂಬಲು ತಮ್ಮ ಹೆಂಡತಿಗೆ ಹೇಳಿದರು.

ಉಡಿ ತುಂಬಲು ಬಂದಾಗ ಒಲ್ಲೆ ಎನ್ನುವ ಹೆಂಗಸು ನಮ್ಮಲ್ಲಿ ಹುಟ್ಟಿಲ್ಲ. ರಸ್ತೆಯ ಮೇಲೆ ನಿಂತು ಸೆರಗು ಒಡ್ಡಿದೆ. ಅಧ್ಯಕ್ಷರ ಹೆಂಡತಿ ಕುಂಕುಮ ಹಚ್ಚಿ ಅಕ್ಕಿ ಹಾಕಿದರು, ಕಾಯಿ ಇಟ್ಟರು, ಮೇಲೆ ಖಣ ಇಟ್ಟರು. ಅವರ ಕಣ್ಣು ನನ್ನ ಕಣ್ಣಿಗೆ ಸೇರಲಿಲ್ಲ. ನಾನು ಖಣ ನೋಡಿದೆ. ಈರುಳ್ಳಿ ಸಿಪ್ಪೆಯ ಬಣ್ಣ, ಗಿಳಿಹಸಿರು ಅಂಚು. ಗುಳೇದಗುಡ್ಡದಿಂದ ಆ ವಾರವಷ್ಟೇ ಬಂದ ಮಾಲು. ಇನ್ನೂ ಅಂಗಡಿಗೆ ಹೋಗಿರಲಿಲ್ಲ, ಗಂಟು ನಮ್ಮ ಮನೆಯ ಅಟ್ಟದ ಮೇಲಿತ್ತು; ನಾನೇ ಬಿಚ್ಚಿ ಮತ್ತೆ ಕಟ್ಟಿದ್ದೆ. ಅದರಿಂದ ಒಂದು ಖಣ ಅಧ್ಯಕ್ಷರ ಮನೆಗೆ ಹೋಗಬೇಕಾದರೆ ಒಬ್ಬರೇ ಒಬ್ಬರು ಕೊಟ್ಟಿರಬೇಕು. ಘಾಟ ಹತ್ತುವ ಮೊದಲೇ ಕೊಟ್ಟಿರಬೇಕು. ನನಗೆ ಫೇಟಾ ಸಿಗುವುದಿಲ್ಲ, ಉಡಿ ತುಂಬುತ್ತಾರೆ ಎಂದು ಗೊತ್ತಿದ್ದು ಕೊಟ್ಟಿರಬೇಕು.

ಮೈಯೆಲ್ಲ ಉರಿಯಿತು. ಉಡಿ ಕಟ್ಟಿಕೊಂಡು ಗಾಡಿ ಹತ್ತಿದೆ, ಮನೆ ಸೇರಿದ ಮೇಲೆ ಗಂಡನನ್ನು ಕೇಳಿದೆ.

"ಆ ಖಣ ನೀವ ಕೊಟ್ಟದ್ದಲ್ಲೇನು?"

"ಹೌದು."

"ಅವರನ್ನ ಆ ತಿರುವಿನಾಗ ನಿಂದರ್ರಿ ಅಂದವರೂ ನೀವನ?"

"ಹೌದು. ಬಡಬಡಿಸಬ್ಯಾಡ, ಕೇಳು. ನೀ ಎಲ್ಲೂ ನಿಂದ್ರದ ಸರಳ ಹತ್ತಿಬಿಟ್ಟಿದ್ರ ಮಂದಿ ವಿಚಾರ ಮಾಡ್ತಿದ್ರು. ಮೊದಲನೇ ಸಲಾನ ಇಕಿ ಹೆಂಗ ಹತ್ತಿದಳು ಅಂತ. ಹಿಂದಿನದೆಲ್ಲಾ ಹೊರಗ ಬರ್ತಿತ್ತು."

"ಬರ್ಲಿ! ಬಂದ್ರ ಏನು ಆಕಾಶ ಹರಕೊಂಡ ಬೀಳ್ತಿತ್ತೇನು?"

"ನಾ ಬಜಾರದಾಗ ಹೆಂಗ ಮಾರಿ ತೋರಸ್ಲಿ?"

"ಮತ್ತ ನಾ ಹೆಂಗ ತೋರಸ್ಲಿ?"

"ನಿನ್ನ ಯಾರ ಕೇಳ್ತಾರ?" ಎಂದರು.

ಕುಚೋದ್ಯದಿಂದ ಅಂದದ್ದಲ್ಲ. ಸಿಟ್ಟಿನಿಂದಲೂ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಅಂದರು. ಸಿಟ್ಟಿನಿಂದ ಅಂದಿದ್ದರೆ ನಾನೂ ಎರಡು ಮಾತು ಬೈದು ಹಗುರಾಗುತ್ತಿದ್ದೆ.

ಸ್ವಲ್ಪ ದಿನಕ್ಕೆ ಅಧ್ಯಕ್ಷರ ಹೆಂಡತಿ ನಮ್ಮ ಮನೆಗೆ ಬಂದರು. ಚಹಾ ಮುಗಿಯುವವರೆಗೂ ಅದೂ ಇದೂ ಮಾತಾಡಿ, "ನಮ್ಮವರು ಮಂಡಳ್ಯಾಗ ಠರಾಯಿಸಿದಾರ್ರಿ. ಹೆಣ್ಣಮಕ್ಕಳು ಘಾಟದಾಗ ಗಾಡಿ ಹೊಡೀಬಾರದಂತ. ನಾ ಕಲೀತೀನಿ ಅಂದ್ರ, ನೋಡಿದಿಲ್ಲೋ, ಅಷ್ಟು ಮಂದಿ ದೂಡಬೇಕಾತು ಅಂತಾರ" ಎಂದರು.

ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಗಂಡನ ತಲೆ ತಿರುಗುವುದು, ಗುಡಿಯ ತಿರುವು, ಸುರಂಗದ ಬಾಯಿ, ಅಷ್ಟೂ ಫೇಟಾ. ಈಕೆಯಾದರೂ ನಂಬಿದರೆ ಸಾಕು, ಬೇರೆ ಯಾರೂ ಬೇಡ ಎನಿಸಿತ್ತು. ಅವರು ಕೇಳಿದರು, ಪೂರ್ತಿ ಕೇಳಿದರು. ಆಮೇಲೆ ನನ್ನ ಕೈ ಸವರಿ, "ಹೋಗ್ಲಿ ಬಿಡ್ರಿ. ಇಷ್ಟು ಮನಸಿಗೆ ಹಚ್ಚಿಕೋಬ್ಯಾಡ್ರಿ" ಎಂದರು. ಹುಷಾರಿಲ್ಲದವರೊಡನೆ ಮಾತಾಡುವ ದನಿ ಅದು. ಬಾಗಿಲವರೆಗೆ ಹೋಗಿ ಕಳಿಸಿ ಬಂದೆ.

ನನ್ನ ಕೈಯಲ್ಲಿ ಒಂದೇ ಒಂದು ಅಸ್ತ್ರ ಉಳಿದಿತ್ತು. ಮುಂದಿನ ದಸರೆ ಬರಲಿ, ನಾನು ಗಾಡಿ ಮುಟ್ಟುವುದಿಲ್ಲ. ಹತ್ತಿಸಲಿ ನೋಡೋಣ, ಕಣ್ಣು ಮುಚ್ಚಿಕೊಂಡು! ಆಗ ತಾನಾಗಿಯೇ ಹೊರಗೆ ಬೀಳುತ್ತದೆ. ವರ್ಷವೆಲ್ಲ ಆ ಯೋಚನೆಯನ್ನೇ ಸಾಕಿದೆ. ಖಡಕಿಯ ಮೈದಾನಕ್ಕೂ ಹೋಗಲಿಲ್ಲ. ದಸರೆಯ ಮುಂಚಿನ ವಾರ, "ಈ ಸಲ ನಾ ಬರೂದಿಲ್ಲ, ನೀವ ಹತ್ತಿಸ್ಕೋರಿ" ಎಂದೆ. ಅವರು ತಲೆ ಎತ್ತಲೂ ಇಲ್ಲ. "ಬ್ಯಾಡ ಬಿಡು. ಡ್ರೈವರನ ಇಟ್ಟೀನಿ," ಎಂದರು.

ಆ ಡ್ರೈವರ ಸೈನ್ಯದ ಪಲ್ಟಣ ಬಿಟ್ಟು ಬಂದ ಸಾತಾರೆ ಕಡೆಯವನು. ಸೌಮ್ಯ ಮನುಷ್ಯ, ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ಮಂಡಳಿಯ ಸರದಾರರ ಮಕ್ಕಳೂ ಡ್ರೈವರರನ್ನು ಇಟ್ಟಿದ್ದರು, ಡ್ರೈವರರು ಹತ್ತಿಸಿದರೂ ಫೇಟಾ ಮಾಲೀಕನಿಗೇ ಕಟ್ಟುತ್ತಿದ್ದರು. ಇದು ನನಗೆ ಅಷ್ಟು ವರ್ಷ ಕಣ್ಣೆದುರೇ ಇತ್ತು, ಹೊಳೆದೇ ಇರಲಿಲ್ಲ. ಪಗಾರದವನು ಹತ್ತಿಸಿದರೆ ಗೌರವ, ಹೆಂಡತಿ ಹತ್ತಿಸಿದರೆ ನಾಚಿಕೆ. ನನ್ನ ಗಂಡ ಎಂದೋ ಒಬ್ಬನನ್ನು ಇಟ್ಟುಕೊಳ್ಳಬಹುದಿತ್ತು. ನಾನಿದ್ದೆ, ಅದಕ್ಕೇ ಇಟ್ಟಿರಲಿಲ್ಲ.

ಬರುವುದಿಲ್ಲ ಎಂದವಳು ಹೋಗಬೇಕಾಯಿತು. ಅತ್ತೆಯವರು, "ಎಲ್ಲಾರೂ ಹೋಗ್ತಾರ, ನೀ ಮನ್ಯಾಗ ಕೂತ್ರ ಮಂದಿ ಏನಂದಾರು, ಹೋಗವ್ವಾ" ಎಂದರು. ಡ್ರೈವರ ಚಕ್ರದ ಮುಂದೆ, ಗಂಡ ಅವನ ಪಕ್ಕ, ನಾನು ಹಿಂದೆ. ಕಡಿದಾದ ತಿರುವಿನಲ್ಲಿ ಅವನು ಗೇರು ಇಳಿಸುವುದಕ್ಕೆ ತಡ ಮಾಡಿದ. ಎಂಜಿನ್ನು ಉಸಿರುಕಟ್ಟಿ ಒದ್ದಾಡಿತು. "ಈಗ, ಈಗ ಇಳಿಸು" ಎಂದು ನನ್ನ ಗಂಟಲ ತನಕ ಬಂತು. ಎಡಗಾಲು ತಾನಾಗಿಯೇ ಧಡ್ಡನೆ ನೆಲ ಒತ್ತಿತು. ಕಾಲ ಕೆಳಗೆ ಹಲಗೆ ಬಿಟ್ಟರೆ ಏನೂ ಇರಲಿಲ್ಲ.

ಸದ್ದು ಕೇಳಿ ಡ್ರೈವರ ಅರ್ಧ ತಿರುಗಿ ನೋಡಿ, ಮರಾಠಿಯಲ್ಲಿ, ಮರ್ಯಾದೆಯಿಂದಲೇ ಹೇಳಿದ: "ಹೆದರಬೇಡಿ ಬಾಯೀಸಾಹೇಬ. ಘಾಟದಲ್ಲಿ ಹೆಂಗಸರಿಗೆಲ್ಲ ಹೀಗೇ ಆಗುತ್ತದೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡು ಕೂಡಿ."

ಮುಚ್ಚಿಕೊಂಡೆ.